ಹಿಡಿದುಕೊಳ್ಳುತ್ತದೆ ಎಂಬ ಒಂದು ಮಾತು

ಆಡಿದ ಮಾತು ಒಂದು, ಕೇಳಿದ ಮಾತು ಮತ್ತೊಂದು ಆಗುವ ಪ್ರಸಂಗಗಳು ನಿತ್ಯಜೀವನದಲ್ಲಿ ಹೇರಳವಾಗಿವೆ. ಆಡಿದವನು ತನಗೆ ಕಂಡುದನ್ನು ಕಂಡಂತೆಯೇ ಆಡಿರುತ್ತಾನೆ. ಕೇಳಿದವನಾದರೋ ತನಗೆ ಮೊದಲೇ ಗೊತ್ತಿರುವ ಯಾವುದೋ ಅರ್ಥಕ್ಕೆ ಅದನ್ನು ಹೊಂದಿಸಿಕೊಂಡು ಕೇಳಿರುತ್ತಾನೆ. ಆಡಿದವನು ಕೂಲಿಯವನಾಗಿ, ಕೇಳಿದವನು ಒಡೆಯನಾಗಿದ್ದರಂತೂ ಈ ಅಂತರ ಇನ್ನೂ ಹಿಗ್ಗುತ್ತದೆ. ಹೀಗೆ ಬದಲಾದ ಒಂದೇ ಒಂದು ಮಾತಿನಿಂದ ಕೊಡಗಿನ ಸಿದ್ದಾಪುರದ ಒಬ್ಬ ಕಾಫಿ ಬೆಳೆಗಾರರು ಸಾವಿರಾರು ರೂಪಾಯಿ ಕಳೆದುಕೊಂಡರು. ನಂಬಿಗಸ್ತನಾದ ಒಬ್ಬ ಚಾಲಕನನ್ನೂ ಕಳೆದುಕೊಳ್ಳುವುದರಲ್ಲಿದ್ದರು. ವಿಷಯ ಒಂದು ಹಳೆಯ ಜೀಪಿನದು. ನಿಂತಲ್ಲಿಂದ ಅದು ಮುಂದಕ್ಕೆ ಹೋಗಲು ತಡವರಿಸುತ್ತಿತ್ತು. ವಿಷಯ ಚಿಕ್ಕದೆಂದು ತೋರಿದರೂ ಅದರೊಳಗಿನ ವಿಚಾರ ಚಿಕ್ಕದಲ್ಲ.

ಸಿದ್ದಾಪುರವು ಕಾವೇರಿಯ ದಡದ ಊರು. ಸೇತುವೆ ದಾಟಿದರೆ ನೆಲ್ಯಹುದಿಕೇರಿ. ಇತ್ತ ಅಮ್ಮತ್ತಿಯ ಮೂಲಕ ವಿರಾಜಪೇಟೆಗೂ, ಪಾಲಿಬೆಟ್ಟಕ್ಕೂ ದಾರಿಗಳಿವೆ. ಸುತ್ತಲೂ ಕಾಫಿ ತೋಟಗಳು. ಮುಖ್ಯರಸ್ತೆಯಿಂದ ತೋಟದೊಳಕ್ಕೆ ತಿರುಗಿದರೆ ಏರು, ಇಳಿಜಾರು, ಕೆಸರು, ಕಲ್ಲು. ಅಲ್ಲಿ ಜೀಪು ಆಡಂಬರದ ವಸ್ತುವಲ್ಲ. ಗೊಬ್ಬರ ಹೋಗುವುದು, ಕೊಯ್ದ ಹಣ್ಣು ಕಣಕ್ಕೆ ಬರುವುದು, ಕೆಲಸಗಾರರು ಸಂಜೆ ಲೈನ್ ಮನೆಗಳಿಗೆ ಮರಳುವುದು, ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಓಡುವುದು, ಎಲ್ಲವೂ ಅದರಿಂದಲೇ. ಇದರ ಮೇಲೆ ಆನೆಗಳ ಭಯ ಬೇರೆ. ಸಿದ್ದಾಪುರದ ಸುತ್ತಿನ ತೋಟಗಳಲ್ಲಿ ಕಾಡಾನೆಗಳ ಸಂಚಾರವು ಅಪರೂಪದ ಸುದ್ದಿಯಾಗಿ ಉಳಿದಿಲ್ಲ. ಇಂಥ ಕಡೆ ನಿಂತ ಗಾಡಿ ಕೂಡಲೇ ಕದಲಬೇಕೆಂಬುದು ಅನುಕೂಲದ ಮಾತಲ್ಲ, ಪ್ರಾಣದ ಮಾತು.

ಆ ಬೆಳೆಗಾರರ ಜೀಪು ಹಳೆಯದು, ಡೀಸೆಲ್ ಎಂಜಿನಿನದು, ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕು. ಅದನ್ನು ನಡೆಸುತ್ತಿದ್ದ ಚಾಲಕ ಹತ್ತಾರು ವರ್ಷಗಳಿಂದ ಅದೇ ತೋಟದಲ್ಲಿದ್ದವನು. ರೊಬಸ್ಟಾ ಕೊಯ್ಲು ಆರಂಭವಾದ ಒಂದು ಜನವರಿಯಲ್ಲಿ ಅವನು ಒಡೆಯರ ಬಳಿ ಬಂದು, “ನಿಂತ್ಮೇಲೆ ಗಾಡಿ ಹಿಡ್ಕೊಳ್ತದೆ ಸಾಹುಕಾರ್ರೆ. ಸ್ವಲ್ಪ ಹೊತ್ತು ಬಿಟ್ರೆ ಸರಿಯಾಗ್ತದೆ” ಎಂದನು. ಅವರು ಕೊಯ್ಲಿನ ಲೆಕ್ಕ ನೋಡುತ್ತಲೇ ತಲೆಯಾಡಿಸಿದರು. ಮರುದಿನ ಪೇಟೆಯ ಒಂದು ಗ್ಯಾರೇಜಿಗೆ ತಾವೇ ಜೀಪನ್ನು ಒಯ್ದು, “ಪಿಕಪ್ ಇಲ್ಲ, ನೋಡಿ” ಎಂದು ಹೇಳಿ ಬಂದರು.

ಮಾತು ಬದಲಾದದ್ದು ಇಲ್ಲಿಯೇ. ‘ಹಿಡಿದುಕೊಳ್ಳುತ್ತದೆ’ ಎಂಬುದು ‘ಪಿಕಪ್ ಇಲ್ಲ’ ಎಂದಾಯಿತು. ಎರಡರ ಪರಿಣಾಮವೂ ಒಂದೇ ಅಲ್ಲವೇ, ಗಾಡಿ ಮುಂದೆ ಹೋಗುವುದಿಲ್ಲ ಎಂದು ತಾನೆ ಅರ್ಥ ಎಂದು ಯಾರಿಗಾದರೂ ತೋರಬಹುದು. ಆದರೆ ‘ಪಿಕಪ್ ಇಲ್ಲ’ ಎಂದರೆ ಶಕ್ತಿಯ ಕೊರತೆ. ‘ಹಿಡಿದುಕೊಳ್ಳುತ್ತದೆ’ ಎಂದರೆ ಶಕ್ತಿ ಇದ್ದೂ ಇರುವ ತಡೆ. ಒಂದು ಬಡತನ, ಇನ್ನೊಂದು ಬಂಧನ. ಬಡತನಕ್ಕೆ ಕೊಡುವ ಮದ್ದು ಬಂಧನವನ್ನು ಬಿಡಿಸುವುದಿಲ್ಲ.

ಗ್ಯಾರೇಜಿನವರು ಕೇಳಿದ ಮಾತಿಗೆ ತಕ್ಕಂತೆ ಕೆಲಸ ಮಾಡಿದರು. ಡೀಸೆಲ್ ಫಿಲ್ಟರ್ ಬದಲಾಯಿತು, ಏರ್ ಫಿಲ್ಟರ್ ಶುದ್ಧವಾಯಿತು, ಇಂಜೆಕ್ಟರುಗಳನ್ನು ಬಿಚ್ಚಿ ಪರೀಕ್ಷಿಸಿದರು. ಜೀಪು ಪೇಟೆಯ ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ತೋಟಕ್ಕೆ ಬಂದು ಮೂರನೆಯ ದಿನ ಏರಿನಲ್ಲಿ ನಿಂತಾಗ ಮತ್ತೆ ಅದೇ ಪಾಡು. ಈ ಬಾರಿ ಕ್ಲಚ್ ಸುಟ್ಟ ವಾಸನೆಯೂ ಬಂತು. ವಾಸನೆ ಬಂದ ಮೇಲೆ ಸಂದೇಹವೇಕೆ? ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್ ಎರಡನ್ನೂ ಹಾಕಿಸಿದರು. ಅಷ್ಟೇ ಅಲ್ಲ, ಚಾಲಕ ಸದಾ ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆ, ಅದಕ್ಕೇ ಹೀಗಾಯಿತೆಂಬ ತೀರ್ಪೂ ಹೊರಬಿತ್ತು. ಚಾಲಕ ಏನೋ ಹೇಳಲು ಬಾಯಿ ತೆರೆದನು, ಆಮೇಲೆ ಸುಮ್ಮನಾದನು.

ಪರಿಣಾಮವನ್ನೇ ಕಾರಣವೆಂದು ತಿಳಿಯುವ ದೋಷಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಹಗ್ಗ ಬಿಚ್ಚದ ದೋಣಿಯಲ್ಲಿ ಕುಳಿತು ಹುಟ್ಟು ಹಾಕಿದರೆ ತೋಳು ನೋಯುತ್ತದೆ. ತೋಳು ನೋಯುತ್ತಿರುವುದು ನಿಜವೇ. ಹಾಗೆಂದು ದೋಣಿ ಸಾಗದಿರುವುದಕ್ಕೆ ತೋಳೇ ಕಾರಣವೆಂದು ಹೇಳಲಾದೀತೆ? ಚಕ್ರವನ್ನು ಏನೋ ಹಿಡಿದು ನಿಲ್ಲಿಸಿದಾಗ ಎಂಜಿನು ತಿರುಗುತ್ತಲೇ ಇರುತ್ತದೆ, ಚಕ್ರ ತಿರುಗದು. ಈ ಎರಡರ ನಡುವೆ ಸಿಕ್ಕಿ ಉಜ್ಜಿಕೊಳ್ಳುವುದು ಕ್ಲಚ್ ಪ್ಲೇಟು. ಅದು ಸುಟ್ಟಿತೆಂಬುದು ಸತ್ಯ, ಸುಡಿಸಿದ್ದು ಬೇರೊಂದು.

ಫೆಬ್ರವರಿಯ ಒಂದು ಸಂಜೆ ಹತ್ತು ಹನ್ನೆರಡು ಮಂದಿ ಕೆಲಸಗಾರರನ್ನು ಕೂರಿಸಿಕೊಂಡು ಜೀಪು ತೋಟದ ಏರುದಾರಿಯಲ್ಲಿ ಬರುತ್ತಿತ್ತು. ತಿರುವಿನಲ್ಲಿ ಕಾಫಿ ಗಿಡಗಳನ್ನು ಸರಿಸಿಕೊಂಡು ಒಂಟಿ ಆನೆ ದಾರಿಗೆ ಬಂದು ನಿಂತಿತು. ಚಾಲಕ ಬ್ರೇಕನ್ನು ಬಲವಾಗಿ ಒತ್ತಿ ನಿಲ್ಲಿಸಿದನು. ಹಿಂದಕ್ಕೆ ಸರಿಯಬೇಕು. ದಾರಿ ಏರಿನದಾದ್ದರಿಂದ ಬ್ರೇಕಿನಿಂದ ಕಾಲು ತೆಗೆದರೆ ಸಾಕು, ಗಾಡಿ ತಾನಾಗಿಯೇ ಹಿಂದಕ್ಕೆ ಜಾರಬೇಕು. ಅವನು ಕಾಲು ತೆಗೆದನು. ಗಾಡಿ ಜಾರಲಿಲ್ಲ. ರಿವರ್ಸ್ ಗೇರಿಗೆ ಹಾಕಿ ಎಂಜಿನನ್ನು ಏರಿಸಿದನು. ಗಾಡಿ ನಡುಗಿತು, ಕದಲಲಿಲ್ಲ. ಹಿಂದೆ ಕುಳಿತ ಹೆಂಗಸರು ಉಸಿರು ಬಿಗಿಹಿಡಿದಿದ್ದರು. ಒಬ್ಬಳು ಮಗುವಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದ್ದಳು. ಎರಡು ಮೂರು ನಿಮಿಷಗಳು ಕಳೆದಿರಬಹುದು. ಆನೆ ಒಮ್ಮೆ ಕಿವಿ ಬೀಸಿ, ತನ್ನಷ್ಟಕ್ಕೆ ಕೆಳಗಿನ ತೋಟಕ್ಕೆ ಇಳಿದುಹೋಯಿತು. ಆಮೇಲೆ ಜೀಪು ಏನೂ ಆಗದಂತೆ ಮುಂದಕ್ಕೆ ಹೊರಟಿತು.

ಸುದ್ದಿ ಒಡೆಯರಿಗೆ ತಲುಪುವ ವೇಳೆಗೆ ಅದರ ರೂಪ ಬದಲಾಗಿತ್ತು. ಆನೆ ಕಂಡು ಚಾಲಕ ಹೆದರಿ ಕೈಕಾಲು ಬಿಟ್ಟನೆಂದು ಯಾರೋ ಹೇಳಿದರು. ಹೊಸ ಕ್ಲಚ್ ಹಾಕಿದ ಗಾಡಿ, ಆಮೇಲೆ ತಾನೇ ಹೊರಟ ಗಾಡಿ. ಹಾಗಾದರೆ ದೋಷ ಗಾಡಿಯದಲ್ಲ ಎಂಬ ತರ್ಕವೂ ಸೇರಿಕೊಂಡಿತು. ತಿಂಗಳ ಕೊನೆಗೆ ಬೇರೆ ಚಾಲಕನನ್ನು ನೋಡಿಕೊಳ್ಳುವುದೆಂದು ಅವರು ಮನಸ್ಸಿನಲ್ಲಿಯೇ ನಿಶ್ಚಯಿಸಿದರು. ಆದರೆ ಮನುಷ್ಯರನ್ನು ಕೂರಿಸಿಕೊಂಡು ಹೋಗುವ ಗಾಡಿಯ ವಿಷಯದಲ್ಲಿ ಇನ್ನೊಮ್ಮೆ ತೋರಿಸಿಬಿಡೋಣವೆಂಬ ಅಳುಕೂ ಇತ್ತು. ಈ ಬಾರಿ ಅವರಿಗೆ ಪುರುಸೊತ್ತಿರಲಿಲ್ಲ. ಚಾಲಕನೇ ಜೀಪನ್ನು ಒಬ್ಬ ವೃದ್ಧ ಮೆಕ್ಯಾನಿಕ್ಕಿನ ಬಳಿಗೆ ಒಯ್ದನು. ಊರಿನವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು.

ಕಾಕ ಬಾನೆಟ್ ತೆರೆಯಲಿಲ್ಲ. ಮೊದಲು ಕೇಳಿದ್ದು, “ಏನಾಗ್ತದೆ, ನೀನೇ ಹೇಳು” ಎಂದು. ಚಾಲಕ ತಿಂಗಳ ಹಿಂದೆ ಆಡಿದ ಮಾತನ್ನೇ ಆಡಿದನು. ಕಾಕ ಇನ್ನೊಂದು ಪ್ರಶ್ನೆ ಕೇಳಿದರು: “ಏರಿನಲ್ಲಿ ಬ್ರೇಕಿಂದ ಕಾಲು ತೆಗೆದಾಗ ಗಾಡಿ ಹಿಂದಕ್ಕೆ ಬಂತಾ?”

“ಇಲ್ಲ ಕಾಕ. ಇಟ್ಟ ಹಾಗೆ ನಿಂತಿತ್ತು.”

“ಹಾಗಾದ್ರೆ ಎಂಜಿನ್ ಅಲ್ಲ, ಕ್ಲಚ್ಚೂ ಅಲ್ಲ. ಬ್ರೇಕ್ ಬಿಡ್ತಾ ಇಲ್ಲ” ಎಂದರು ಕಾಕ.

ಈ ನಿರ್ಣಯವು ಊಹೆಯಲ್ಲ, ವಿಚಾರದ ಫಲ. ನಿಂತ ವಾಹನವೊಂದು ಕದಲಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಎಂಜಿನು ಶಕ್ತಿಯನ್ನು ಹುಟ್ಟಿಸಬೇಕು. ಕ್ಲಚ್, ಗೇರ್ ಪೆಟ್ಟಿಗೆ, ಶಾಫ್ಟುಗಳು ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸಬೇಕು. ಚಕ್ರವನ್ನು ಹಿಡಿದದ್ದು ಬಿಡಬೇಕು. ಹುಟ್ಟು, ಮುಟ್ಟು, ಬಿಡು ಎಂದು ನೆನಪಿಟ್ಟುಕೊಳ್ಳಬಹುದು. ಮೂರರಲ್ಲಿ ಯಾವುದು ಕೆಟ್ಟರೂ ಹೊರಗಿನಿಂದ ಕಾಣುವುದು ಒಂದೇ, ಗಾಡಿ ಹೋಗುವುದಿಲ್ಲ. ಆದರೆ ಒಳಗೆ ಕುಳಿತವನಿಗೆ ಮೂರೂ ಬೇರೆಬೇರೆಯಾಗಿ ಅನುಭವಕ್ಕೆ ಬರುತ್ತವೆ.

ಶಕ್ತಿಯೇ ಹುಟ್ಟದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನಿನ ಸದ್ದು ಏರುವುದಿಲ್ಲ. ತಡವರಿಸುತ್ತದೆ, ಕೆಮ್ಮುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಡೀಸೆಲ್ ಗಾಡಿಯಾದರೆ ಕಟ್ಟಿಕೊಂಡ ಫಿಲ್ಟರ್, ಇಂಧನದಲ್ಲಿ ಸೇರಿದ ನೀರು, ಪೈಪಿನ ಸಂದಿನಿಂದ ಒಳನುಗ್ಗುವ ಗಾಳಿ ಮುಂತಾದವು ಕಾರಣ. ಹಳೆಯ ಪೆಟ್ರೋಲ್ ಗಾಡಿಯಲ್ಲಿ ಕಾರ್ಬ್ಯುರೇಟರಿನ ಆಕ್ಸಿಲರೇಟರ್ ಪಂಪು ಸೋತರೂ ಇದೇ ತಡವರಿಕೆ. ಇಂದಿನ ಗಾಡಿಗಳಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಮಲಿನವಾದರೂ ಹೀಗಾಗಬಹುದು.

ಶಕ್ತಿ ಹುಟ್ಟಿಯೂ ಚಕ್ರಕ್ಕೆ ಮುಟ್ಟದಿದ್ದರೆ ಎಂಜಿನಿನ ಸದ್ದು ಸರಾಗವಾಗಿ ಏರುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಕ್ಲಚ್ ಸವೆದು ಜಾರುತ್ತಿರಬಹುದು, ಅಥವಾ ಆಕ್ಸಲ್ ತುಂಡಾಗಿರಬಹುದು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಎರಡೂ ಸಂದರ್ಭಗಳಲ್ಲಿ ಚಕ್ರಗಳು ಸ್ವತಂತ್ರವಾಗಿರುತ್ತವೆ. ಗಾಡಿ ನ್ಯೂಟ್ರಲ್ಲಿನಲ್ಲಿದ್ದು, ಬ್ರೇಕಿನಿಂದ ಕಾಲು ತೆಗೆದರೆ ಏರಿನಲ್ಲಿ ಅದು ಹಿಂದಕ್ಕೆ ಜಾರಲೇಬೇಕು. ಜಾರದಿದ್ದರೆ ಹಿಡಿದಿರುವುದು ಬೇರೆ ಯಾವುದೋ ಇದೆ ಎಂದೇ ಅರ್ಥ. ಆನೆಯ ಮುಂದೆ ಆ ಸಂಜೆ ನಡೆದದ್ದು ಇದೇ. ಆದ್ದರಿಂದಲೇ ಕಾಕನಿಗೆ ಆ ಒಂದು ಪ್ರಶ್ನೆ ಸಾಕಾಯಿತು. ಏರಿಲ್ಲದ ಕಡೆ ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಬ್ಬರು ಕೈಯಿಂದ ತಳ್ಳಿ ನೋಡಿದರೂ ಇದೇ ಉತ್ತರ ದೊರೆಯುತ್ತದೆ. ಅದಕ್ಕೆ ಯಾವ ಉಪಕರಣವೂ ಬೇಡ, ದುಡ್ಡೂ ಬೇಡ.

ಇನ್ನು ಚಾಲಕನ ಮಾತನ್ನು ಪದಪದವಾಗಿ ಬಿಡಿಸಿ ನೋಡಬೇಕು. ‘ನಿಂತ ಮೇಲೆ’ ಎಂದನು. ಅಂದರೆ ಓಡುವಾಗ ತೊಂದರೆಯಿಲ್ಲ. ಬ್ರೇಕ್ ಒತ್ತಿ ನಿಲ್ಲಿಸಿದ ಮೇಲೆಯೇ ತೊಂದರೆ. ‘ಹಿಡಿದುಕೊಳ್ಳುತ್ತದೆ’ ಎಂದನು. ಅಂದರೆ ಸೋಲುತ್ತಿಲ್ಲ, ತಡೆಯುತ್ತಿದೆ. ‘ಸ್ವಲ್ಪ ಹೊತ್ತು ಬಿಟ್ಟರೆ ಸರಿಯಾಗುತ್ತದೆ’ ಎಂದನು. ಅಂದರೆ ತಡೆದದ್ದು ಮುರಿದ ಕಬ್ಬಿಣವಲ್ಲ, ತುಕ್ಕೂ ಅಲ್ಲ. ಕಾಲಕ್ರಮದಲ್ಲಿ ತಾನಾಗಿ ಇಳಿಯುವ ಒತ್ತಡ. ಇಡೀ ರೋಗನಿದಾನವು ಆ ಎರಡು ವಾಕ್ಯಗಳೊಳಗೆ ಮೊದಲ ದಿನವೇ ಇತ್ತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ನೇಯುವವರಿದ್ದರು, ದೋಣಿ ನಡೆಸುವವರಿದ್ದರು, ಬಟ್ಟೆ ಮಡಿ ಮಾಡುವವರಿದ್ದರು. ಅವರ ನುಡಿಗೆ ಅರ್ಥ ಹೇಳುವವರು ಯಾರೂ ಅವರ ಪದವನ್ನು ತೆಗೆದು ತಮ್ಮ ಪದವನ್ನು ಹಾಕುವುದಿಲ್ಲ. ಆ ಪದವೇ ಏನು ಹೇಳುತ್ತದೆಂದು ನೋಡುತ್ತಾರೆ. ಕಾಯಕ ಮಾಡುವವನ ಮಾತಿಗೆ ಸಲ್ಲಬೇಕಾದ ಈ ಮರ್ಯಾದೆ ಜೀಪಿನ ಚಾಲಕನಿಗೂ ಸಲ್ಲಬೇಕಿತ್ತು.

ಕಾಕ ಜೀಪನ್ನು ಗ್ಯಾರೇಜಿನ ಪಕ್ಕದ ಏರಿಗೆ ಒಯ್ಯಿಸಿ, ನಾಲ್ಕಾರು ಬಾರಿ ಬಲವಾಗಿ ಬ್ರೇಕ್ ಒತ್ತಿಸಿದರು. ರೋಗ ಕಾಣಿಸಿಕೊಂಡಿತು. ಕೂಡಲೇ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹಿಂಬದಿಯನ್ನು ಜಾಕಿನಿಂದ ಎತ್ತಿದರು. ಗೇರು ನ್ಯೂಟ್ರಲ್ಲಿನಲ್ಲಿದ್ದರೂ, ಹ್ಯಾಂಡ್ ಬ್ರೇಕ್ ಬಿಟ್ಟಿದ್ದರೂ ಹಿಂದಿನ ಎರಡು ಚಕ್ರಗಳು ಕೈಗೆ ತಿರುಗಲಿಲ್ಲ. ಒಂದು ಚಕ್ರದ ಹಿಂದಿರುವ, ಗಾಳಿ ತೆಗೆಯುವ ನಿಪ್ಪಲನ್ನು ಸ್ವಲ್ಪ ಸಡಿಲಿಸಿದರು. ಬ್ರೇಕ್ ಆಯಿಲ್ ಚಿಮ್ಮಿತು. ಎರಡು ಚಕ್ರಗಳೂ ಬಿಟ್ಟುಕೊಂಡವು. ಒಳಗೆ ಒತ್ತಡ ಉಳಿದಿತ್ತೆಂಬುದು ಇದರಿಂದ ಸಿದ್ಧವಾಯಿತು. ಆದರೆ ಎಲ್ಲಿ ಉಳಿದಿತ್ತು? ಅದನ್ನು ಅರಿಯಲು ಮತ್ತೆ ಬ್ರೇಕ್ ಒತ್ತಿಸಿ, ಈ ಸಲ ಚಾಸಿಯ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಜಾಗದಲ್ಲಿ, ಮಾಸ್ಟರ್ ಸಿಲಿಂಡರಿನ ಕಡೆಯ ನಟ್ಟನ್ನು ಸಡಿಲಿಸಿದರು. ಚಕ್ರಗಳು ಬಿಗಿಯಾಗಿಯೇ ಉಳಿದವು. ಅಲ್ಲಿಯವರೆಗೆ ಒತ್ತಡವಿಲ್ಲ, ಅಲ್ಲಿಂದಾಚೆ ಇದೆ. ನಡುವೆ ಇರುವುದು ಆ ಗೇಣುದ್ದದ ಹೋಸು ಮಾತ್ರ.

ಹೋಸನ್ನು ಬಿಚ್ಚಿ ಉದ್ದಕ್ಕೆ ಸೀಳಿ ತೋರಿಸಿದರು. ಹೊರಗೆ ಒಂದು ಬಿರುಕೂ ಇರಲಿಲ್ಲ. ಒಳಗಿನ ರಬ್ಬರು ಊದಿ, ಪದರ ಬಿಟ್ಟು, ದಾರಿ ಸೂಜಿಯಷ್ಟಾಗಿತ್ತು.

ಅಂಥ ಹೋಸು ಹೋಗುವಾಗ ಬಿಟ್ಟು ಬರುವಾಗ ತಡೆಯುವುದೇಕೆ ಎಂಬ ಪ್ರಶ್ನೆ ಸಹಜ. ಮುಚ್ಚಿದ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದನು. ಅದನ್ನೇ ಆಧಾರವಾಗಿಟ್ಟುಕೊಂಡ ದ್ರವಚಾಲಿತ ಬ್ರೇಕು ನಾಲ್ಕು ಚಕ್ರಗಳಿಗೂ ಅಳವಡಿಕೆಯಾಗಿ 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಬಂದಿತು. ಕಾಲಿನಿಂದ ಒತ್ತುವಾಗ ದ್ರವದ ಹಿಂದೆ ದೊಡ್ಡ ಬಲವಿರುತ್ತದೆ. ಕಿರಿದಾದ ದಾರಿಯನ್ನೂ ಅದು ತಳ್ಳಿಕೊಂಡು ಹೋಗುತ್ತದೆ. ಹಿಂದಿರುಗುವಾಗ ಅದನ್ನು ನೂಕುವುದು ಬ್ರೇಕ್ ಶೂಗಳ ಸ್ಪ್ರಿಂಗು ಮಾತ್ರ. ಆ ಅಲ್ಪಬಲಕ್ಕೆ ಊದಿದ ದಾರಿ ಮಣಿಯುವುದಿಲ್ಲ, ತೊಟ್ಟುತೊಟ್ಟಾಗಿ ಬಿಡುತ್ತದೆ. ಆ ತೊಟ್ಟಿಕ್ಕುವ ಅವಧಿಯೇ ಚಾಲಕ ಹೇಳಿದ ‘ಸ್ವಲ್ಪ ಹೊತ್ತು’.

ಉಳಿದ ಹೋಸುಗಳೂ ಅದೇ ವಯಸ್ಸಿನವಾದ್ದರಿಂದ ಕಾಕ ಎಲ್ಲವನ್ನೂ ಬದಲಿಸಿದರು, ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ತೆಗೆದು ಹೊಸದನ್ನು ತುಂಬಿಸಿದರು. ಕೊಡಗಿನಂಥ ಮಳೆನಾಡಿನಲ್ಲಿ ಇದು ಮುಖ್ಯ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಅದಕ್ಕೆ ನಿಗದಿಯಾದ ಮಿತಿ 140 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಈ ಅಂತರವೇ ಅಪಾಯವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಒಳ್ಳೆಯ ರೂಢಿ. ಅದರ ಡಬ್ಬಿಗೆ ಅಪ್ಪಿತಪ್ಪಿಯೂ ಎಂಜಿನ್ ಆಯಿಲ್ ಸುರಿಯಬಾರದು. ಖನಿಜ ತೈಲ ತಾಕಿದರೆ ಬ್ರೇಕಿನ ರಬ್ಬರುಗಳೆಲ್ಲ ಊದಿಕೊಳ್ಳುತ್ತವೆ. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಶೂಗಳು ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುವುದೂ ಉಂಟು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವ ಹಿರಿಯರ ಅಭ್ಯಾಸದ ಹಿಂದೆ ಈ ಅನುಭವವಿದೆ. ಇಂದಿನ ಎಷ್ಟೋ ಕಾರುಗಳಲ್ಲಿ ಏರಿನಲ್ಲಿ ಕಾಲು ತೆಗೆದ ಮೇಲೂ ಎರಡು ಮೂರು ಸೆಕೆಂಡು ಬ್ರೇಕನ್ನು ಹಿಡಿದಿಡುವ ಸೌಲಭ್ಯವಿರುತ್ತದೆ. ಅದು ರೋಗವಲ್ಲ. ಆ ಕ್ಷಣಗಳು ಕಳೆದ ಮೇಲೂ ಬಿಡದಿದ್ದರೆ ಮಾತ್ರ ವಿಚಾರಿಸಬೇಕು.

ಹೋಸುಗಳಿಗೆ ತಗುಲಿದ್ದು ಕೆಲವು ನೂರು ರೂಪಾಯಿಗಳು. ಲೆಕ್ಕದ ಚೀಟಿಯನ್ನೂ ಸೀಳಿದ ಹೋಸನ್ನೂ ಚಾಲಕ ತಂದು ಒಡೆಯರ ಮುಂದಿಟ್ಟನು. ಅವರು ಹೋಸನ್ನು ತಿರುಗಿಸಿ ತಿರುಗಿಸಿ ನೋಡಿದರು. “ನೀನು ಮೊದ್ಲೇ ಹೇಳಿದ್ದಲ್ಲ, ಹಿಡ್ಕೊಳ್ತದೆ ಅಂತ” ಎಂದರು.

“ಹೇಳಿದ್ದೆ ಸಾಹುಕಾರ್ರೆ” ಎಂದನು ಅವನು. ಅದಕ್ಕಿಂತ ಹೆಚ್ಚೇನೂ ಅನ್ನಲಿಲ್ಲ.

ಆ ಬೆಳೆಗಾರರಿಗೆ ಅಂದು ಹೆಚ್ಚು ನೋವಾದದ್ದು ದುಡ್ಡಿಗಲ್ಲ. ಆನೆಯ ಮುಂದೆ ಹನ್ನೆರಡು ಜೀವಗಳನ್ನು ಇಟ್ಟುಕೊಂಡು, ತನ್ನದಲ್ಲದ ತಪ್ಪಿಗೆ ಕುಳಿತಲ್ಲೇ ಕುಳಿತಿದ್ದವನನ್ನು ಹೇಡಿಯೆಂದು ತಿಳಿದರಲ್ಲ, ಅದಕ್ಕೆ. ಇಳಿದು ಓಡಬಹುದಿತ್ತು, ಅವನು ಓಡಲಿಲ್ಲವೆಂಬುದು ಅವರಿಗೆ ಆಗ ಹೊಳೆಯಿತು. ತಿಂಗಳ ಕೊನೆಯ ನಿಶ್ಚಯವನ್ನು ಅವರು ಯಾರಿಗೂ ತಿಳಿಸಿರಲಿಲ್ಲ, ಆದ್ದರಿಂದ ಹಿಂದಕ್ಕೆ ಪಡೆಯುವ ಪ್ರಸಂಗವೂ ಬರಲಿಲ್ಲ. ಆದರೆ ಮರುದಿನ ಸಂಜೆ ತಾವೇ ಲೈನ್ ಮನೆಯವರೆಗೆ ನಡೆದುಹೋಗಿ, ಆ ದಿನ ಜೀಪಿನಲ್ಲಿದ್ದವರೆಲ್ಲ ಕೇಳುವಂತೆ ಗಾಡಿಯ ದೋಷವೇನೆಂಬುದನ್ನು ವಿವರಿಸಿ, ಚಾಲಕನದು ತಪ್ಪಿರಲಿಲ್ಲವೆಂದು ಹೇಳಿ ಬಂದರು.

ಆ ಮೇಲೆ ಜೀಪು ಯಾವ ಗ್ಯಾರೇಜಿಗೆ ಹೋದರೂ ದೂರು ಹೇಳುವವನು ಚಾಲಕನೇ. ಒಡೆಯರು ಜೊತೆಗೆ ಹೋದರೆ ಪಕ್ಕದಲ್ಲಿ ನಿಂತು ಕೇಳುತ್ತಾರೆ. ಸೀಳಿದ ಹೋಸಿನ ತುಂಡು ಅವರ ಮೇಜಿನ ಮೇಲೆ, ಕೊಯ್ಲಿನ ಲೆಕ್ಕದ ಪುಸ್ತಕದ ಪಕ್ಕದಲ್ಲಿಯೇ ಇದೆ.